ಬೆಸೆದುಹೋಗಿದ್ದ ಮಂಡಿ

ಚಿಕ್ಕಬಳ್ಳಾಪುರದ ನಮ್ಮ ಆಸ್ಪತ್ರೆಯಲ್ಲಿ ನನ್ನ ಕೊಠಡಿಗೆ ಬಂದ ಆ ಹೆಂಗಸು ನಮಸ್ಕಾರ ಹೇಳುವುದಕ್ಕೂ ಮೊದಲು ಕುರ್ಚಿಯನ್ನು ಹಿಂದಕ್ಕೆಳೆದು ಓರೆಯಾಗಿ ತಿರುಗಿಸಿಕೊಂಡರು. ಕೂತ ಮೇಲೆ ಅವರ ಎಡಗಾಲು ನನ್ನ ಮೇಜಿನ ಪಕ್ಕದಲ್ಲಿ ಬಾಗಿಲಿನ ಕಡೆಗೆ ನೆಟ್ಟಗೆ ಚಾಚಿಕೊಂಡಿತು. ಮಂಡಿ ಬದಲಾಯಿಸುವ ಶಸ್ತ್ರಚಿಕಿತ್ಸೆಗೆಂದು ನನ್ನ ಬಳಿ ಬರುವವರೆಲ್ಲ ನೋವಿನಿಂದಲೇ ಮಾತು ಶುರುಮಾಡುತ್ತಾರೆ. ಇವರು ಹಾಗೆ ಮಾಡಲಿಲ್ಲ.

“ಈ ಕಾಲು ನೋಯಲ್ಲ ಸಾರ್. ಮಡಚಲ್ಲ, ಅಷ್ಟೇ,” ಎಂದರು.

ಅವರು ಸಾದಲಿಯಲ್ಲಿ ಬಟ್ಟೆ ಹೊಲಿಯುವವರು. ವಯಸ್ಸು ಐವತ್ತರ ಹತ್ತಿರ. ಮದುವೆಯಾಗಿಲ್ಲ, ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಮಿಷನ್ನು ಇಟ್ಟುಕೊಂಡು ಬದುಕು ಕಟ್ಟಿಕೊಂಡಿದ್ದರು. ಹತ್ತು ವರ್ಷದ ಹುಡುಗಿಯಾಗಿದ್ದಾಗ ಜ್ವರ ಬಂದು ಮಂಡಿ ಊದಿಕೊಂಡಿತ್ತು, ಕೀವು ತುಂಬಿತ್ತು. ಆಗಿನವರು ಕೀವು ತೆಗೆದು ಪಟ್ಟಿ ಕಟ್ಟಿ ಜೀವ ಉಳಿಸಿದ್ದರು. ಜ್ವರ ಹೋಯಿತು, ಮಂಡಿ ಮಾತ್ರ ನೆಟ್ಟಗೆ ಅಂಟಿಕೊಂಡುಬಿಟ್ಟಿತು. ಅವರ ಜೊತೆಗೆ ತಮ್ಮ ಬಂದಿದ್ದ. ಕುಡುಮಲಕುಂಟೆಯ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್, ಸಂಸಾರ ಗೌರಿಬಿದನೂರಿನಲ್ಲಿ. ಅವನು ಕೂರಲಿಲ್ಲ, ಅಕ್ಕನ ಹಿಂದೆ ಗೋಡೆಗೆ ಒರಗಿ ನಿಂತಿದ್ದ.

ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿದೆ. ತೊಡೆಯ ಮೂಳೆ ಎಲ್ಲಿ ಮುಗಿಯುತ್ತದೆ, ಕಣಕಾಲಿನ ಮೂಳೆ ಎಲ್ಲಿ ಶುರುವಾಗುತ್ತದೆ ಎಂದು ಹೇಳುವುದಕ್ಕೇ ಆಗುತ್ತಿರಲಿಲ್ಲ. ಎರಡೂ ಸೇರಿ ಒಂದೇ ಮೂಳೆಯಾಗಿದ್ದವು. ಮಂಡಿಚಿಪ್ಪು ಕೂಡ ಅದಕ್ಕೇ ಬೆಸೆದುಕೊಂಡಿತ್ತು. ಇಂಥ ಮಂಡಿಯನ್ನು ಮತ್ತೆ ಬಿಡಿಸಿ ಕೀಲು ಕೂಡಿಸಬಹುದು ಎಂದು ಓದಿದ್ದೆ, ಒಮ್ಮೆ ನನ್ನ ಗುರುಗಳು ಮಾಡುವಾಗ ಪಕ್ಕದಲ್ಲಿ ನಿಂತಿದ್ದೆ. ಸ್ವತಃ ಮಾಡಿರಲಿಲ್ಲ.

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಈ ಕಾಲು ಭಾರ ಹೊರುತ್ತಿದೆ, ನೋವಿಲ್ಲ. ಮುಟ್ಟಿದರೆ ಹಳೆಯ ಸೋಂಕು ಎದ್ದು ಕೂರಬಹುದು, ಗಾಯ ಮಾಯದೇ ಹೋಗಬಹುದು. ತೀರಾ ಕೆಟ್ಟರೆ ಮತ್ತೆ ನೆಟ್ಟಗೆ ಬೆಸೆಯಬೇಕಾಗುತ್ತದೆ, ಕಾಲನ್ನೇ ಕಳೆದುಕೊಳ್ಳುವ ಸಾಧ್ಯತೆಯೂ ಇಲ್ಲದಿಲ್ಲ.

ತಮ್ಮ ಮುಂದೆ ಬಂದ. “ನಾನೂ ಅದನ್ನೇ ಹೇಳ್ತಾ ಇರೋದು ಸಾರ್. ನಡೀತಾ ಇದಾಳೆ, ದುಡೀತಾ ಇದಾಳೆ. ಈ ವಯಸ್ಸಲ್ಲಿ ಯಾಕೆ ಬೇಕು ಇದು?”

ಅಕ್ಕ ಅವನ ಕಡೆ ನೋಡಲಿಲ್ಲ. ನನ್ನನ್ನೇ ನೋಡಿಕೊಂಡು ಹೇಳಿದರು. “ಶಿಡ್ಲಘಟ್ಟಕ್ಕೆ ದಾರ, ಗುಂಡಿ ತರಕ್ಕೆ ಹೋಗ್ತೀನಿ ಸಾರ್. ಬಸ್ಸಲ್ಲಿ ಸೀಟು ಕೊಟ್ರೂ ಕೂರಕ್ಕಾಗಲ್ಲ, ಕಾಲು ದಾರೀಲಿರ್ತದೆ. ಕಾಲು ಎತ್ತಮ್ಮ ಅಂತಾರೆ. ಎತ್ತಿ ಎಲ್ಲಿಡಲಿ? ನಿಂತ್ಕಂಡೇ ಹೋಗ್ತೀನಿ. ಅದೂ ಹೋಗಲಿ, ಈಗ ಬಲಗಾಲು ನೋಯ್ತದೆ, ಸೊಂಟ ಹಿಡ್ಕಂತದೆ. ಅವೆರಡೂ ಕೆಟ್ಟ ಮೇಲೆ ನಾನು ಎಲ್ಲಿಗೆ ಹೋಗ್ಲಿ?”

ಆ ಕೊನೆಯ ಮಾತು ವೈದ್ಯಕೀಯವಾಗಿ ನಿಜವಾಗಿತ್ತು. ಬಲಮಂಡಿ ಸವೆಯುತ್ತಿತ್ತು, ಬೆನ್ನಿನ ಕೆಳಭಾಗವೂ. ಒಂದು ಕಾಲು ಮಡಚದೆ ಇರುವುದರ ದಂಡವನ್ನು ಉಳಿದ ಮೈ ಕಟ್ಟುತ್ತಿತ್ತು.

ನನಗೆ ಮುಖ್ಯವಾಗಿ ತಿಳಿಯಬೇಕಿದ್ದದ್ದು ತೊಡೆಯ ಮುಂದಿನ ಸ್ನಾಯು ಜೀವಂತವಾಗಿದೆಯೇ ಎಂಬುದು. ಕೀಲು ಎಷ್ಟು ಚೆನ್ನಾಗಿ ಕೂಡಿಸಿದರೂ ಅದನ್ನು ಎಳೆದು ನೇರ ಮಾಡುವ ಸ್ನಾಯು ಸತ್ತಿದ್ದರೆ ಕಾಲು ಕುಸಿಯುತ್ತದೆ. ಹಾಸಿಗೆಯ ಮೇಲೆ ಮಲಗಿಸಿ, ತೊಡೆ ಬಿಗಿ ಮಾಡಿ ಎಂದೆ. ಅವರು ಹಲ್ಲು ಕಚ್ಚಿದರು, ಮುಷ್ಟಿ ಬಿಗಿದರು, ತೊಡೆಯಲ್ಲಿ ಏನೂ ಆಗಲಿಲ್ಲ. ಚಿಕ್ಕಂದಿನಿಂದ ಮಾಡದ ಕೆಲಸವನ್ನು ಮಾಡು ಎಂದರೆ ಹೇಗೆ ಮಾಡಿಯಾರು? ಹಿಮ್ಮಡಿಯನ್ನು ಹಾಸಿಗೆಗೆ ಒತ್ತಿ ಎಂದೆ. ಆಗ ನನ್ನ ಬೆರಳಡಿಯಲ್ಲಿ, ಕೆಸರು ನೀರಿನಲ್ಲಿ ಸಣ್ಣ ಮೀನು ಹೊರಳಿದಷ್ಟು, ಏನೋ ಅಲುಗಿತು. ಇನ್ನೊಮ್ಮೆ ಒತ್ತಿಸಿದೆ. ಮತ್ತೆ ಅಲುಗಿತು.

ನರದ ಪರೀಕ್ಷೆಯೂ ಅದನ್ನೇ ಹೇಳಿತು. ರಕ್ತದಲ್ಲಿ ಸೋಂಕಿನ ಗುರುತಿರಲಿಲ್ಲ, ಸೂಜಿಯಿಂದ ತೆಗೆದ ಮೂಳೆಯ ಚೂರಿನಲ್ಲೂ ಇರಲಿಲ್ಲ. ಬೆಂಗಳೂರಿನಲ್ಲಿದ್ದ ನನ್ನ ಗುರುಗಳಿಗೆ ಫೋನ್ ಮಾಡಿದೆ. ಅವರು ಎಕ್ಸ್‌ರೇ ತರಿಸಿಕೊಂಡು ನೋಡಿ, “ಮಾಡಬಹುದು. ಆದರೆ ಮಾಡಿದ ಮೇಲೆ ಒಂದು ವರ್ಷ ಆ ಕಾಲು ನಿನ್ನದು, ಅವರದ್ದಲ್ಲ. ಅಷ್ಟು ವ್ಯವಧಾನ ಇದ್ದರೆ ಕೈ ಹಾಕು,” ಎಂದರು.

ಎಲ್ಲವನ್ನೂ ಇನ್ನೊಮ್ಮೆ ಅಕ್ಕತಮ್ಮಂದಿರಿಗೆ ಹೇಳಿದೆ. ನೆಲದ ಮೇಲೆ ಕೂರುವುದು, ಕುಕ್ಕರಗಾಲು ಹಾಕುವುದು ಎಂದಿಗೂ ಆಗುವುದಿಲ್ಲ, ಕುರ್ಚಿಯಲ್ಲಿ ಕೂರುವಷ್ಟು ಮಡಚಿದರೆ ಅದೇ ದೊಡ್ಡದು ಎಂದೆ. “ಕುರ್ಚಿ ಸಾಕು ಸಾರ್,” ಎಂದರು ಅಕ್ಕ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರು, ಅದರ ಕೆಳಗೆ ತಮ್ಮನೂ ಹಾಕಿದ. ಹಾಕುವಾಗ ಮುಖ ಬಿಗಿದುಕೊಂಡಿದ್ದ.

ಶಸ್ತ್ರಚಿಕಿತ್ಸೆಯ ದಿನ ಬೆನ್ನಿಗೆ ಸೂಜಿ ಕೊಟ್ಟು ಸೊಂಟದ ಕೆಳಗೆ ಮಾತ್ರ ಮರಗಟ್ಟಿಸಿದೆವು. ಹೀಗಾಗಿ ಹಸಿರು ಪರದೆಯ ಆಚೆ ಅವರು ಎಚ್ಚರವಾಗಿಯೇ ಇದ್ದರು. ನಮ್ಮ ಅರಿವಳಿಕೆ ವೈದ್ಯೆ ಅವರ ತಲೆಯ ಬಳಿ ಕೂತು ರವಿಕೆಯ ತೋಳಿನ ಡಿಸೈನಿನ ಬಗ್ಗೆ ಮಾತಾಡಿಸುತ್ತಲೇ ಇದ್ದರು. ಈಚೆ ನಾನು ಮಂಡಿಯ ಮುಂದೆ ಉದ್ದಕ್ಕೆ ಚರ್ಮ ಬಿಡಿಸುತ್ತಿದ್ದೆ. ಆ ಚರ್ಮ ಕೆಳಗಿನ ಮೂಳೆಗೆ ಕಾಗದದಂತೆ ಅಂಟಿಕೊಂಡಿತ್ತು. ಸಾಮಾನ್ಯ ಮಂಡಿಯಲ್ಲಿ ಕೆಲವೇ ನಿಮಿಷ ಹಿಡಿಯುವ ಈ ಹಂತ ಇಲ್ಲಿ ಮುಗಿಯುವಂತೆಯೇ ಕಾಣಲಿಲ್ಲ.

ಮುಂದೆ ಚಿಪ್ಪು. ಅದನ್ನು ಕಣಕಾಲಿನ ಮೂಳೆಗೆ ಕಟ್ಟಿಹಿಡಿದಿರುವ ನಾರಿನ ಪಟ್ಟಿಯೊಂದಿದೆ. ಅದು ಕಿತ್ತು ಬಂದರೆ ಇಡೀ ಶಸ್ತ್ರಚಿಕಿತ್ಸೆ ವ್ಯರ್ಥ. ಆದ್ದರಿಂದ ಆ ಪಟ್ಟಿ ಮೂಳೆಗೆ ಕೂಡುವ ಜಾಗದಲ್ಲಿ ಒಂದು ಪಿನ್ನು ಹೊಡೆದು ಭದ್ರ ಮಾಡಿಕೊಂಡೆ. ತೆಳುವಾದ ಉಳಿಯನ್ನು ಚಿಪ್ಪಿನ ಅಡಿಗೆ ಕೊಟ್ಟು, ಸುತ್ತಿಗೆಯಿಂದ ಬಹಳ ಮೆಲ್ಲಗೆ ತಟ್ಟುತ್ತಾ ಬಿಡಿಸಿದೆ. ಹಳೆಯ ಕೀಲು ಎಲ್ಲಿತ್ತು ಎಂಬುದನ್ನು ಥಿಯೇಟರಿನ ಎಕ್ಸ್‌ರೇ ಯಂತ್ರದಲ್ಲಿ ಹುಡುಕಿ ಗುರುತು ಹಾಕಿಕೊಂಡು, ಅಲ್ಲಿಗೆ ಗರಗಸ ಇಟ್ಟೆ. ಕಣಕಾಲಿನ ಹೊರಬದಿಯ ಸಣ್ಣ ಮೂಳೆಯ ತಲೆ ಎಲ್ಲಿದೆ ಎಂದು ಬೆರಳಿನಲ್ಲಿ ಮುಟ್ಟಿ ನೋಡುತ್ತ, ಸ್ವಲ್ಪ ಕೊಯ್ಯುತ್ತ, ಮತ್ತೆ ಚಿತ್ರ ತೆಗೆಯುತ್ತ ಮುಂದುವರಿದೆವು. ಮಂಡಿಯ ಹಿಂದೆಯೇ ಕಾಲಿಗೆ ರಕ್ತ ಒಯ್ಯುವ ದೊಡ್ಡ ನಾಳ ಹಾದುಹೋಗುತ್ತದೆ. ಕೊನೆಯ ತೆಳು ಪದರವನ್ನು ಗರಗಸದಿಂದ ಕೊಯ್ಯದೆ ಉಳಿಯಿಂದ ಬಿಡಿಸಿದೆ.

ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು, ಕಾಲಿನ ಭಾರದಿಂದಲೇ ಕೆಳಗಿಳಿಯಲು ಬಿಟ್ಟೆ. ಮಂಡಿ ಬಾಗಿತು.

ಅರಿವಳಿಕೆ ವೈದ್ಯೆ ಪರದೆಯ ಮೇಲಿಂದ ಇಣುಕಿದರು. “ಮಡಚ್ತು ಕಣಮ್ಮ,” ಎಂದರು ರೋಗಿಗೆ.

ಆಚೆಯಿಂದ ಸಣ್ಣ ದನಿ ಕೇಳಿತು. “ಯಾವುದು, ನಂದಾ?”

ಆ ಮಂಡಿಯ ಅಕ್ಕಪಕ್ಕ ಇರಬೇಕಾದ ನಾರಿನ ಕಟ್ಟುಗಳೆಲ್ಲ ಎಂದೋ ಕರಗಿಹೋಗಿದ್ದವು. ಸಾಮಾನ್ಯವಾಗಿ ಕೂಡಿಸುವ ಕೃತಕ ಮಂಡಿ ಅಲ್ಲಿ ನಿಲ್ಲುತ್ತಿರಲಿಲ್ಲ. ಅದಕ್ಕೆಂದೇ ಬಾಗಿಲಿನ ಕೀಲಿನಂತೆ ಎರಡು ಭಾಗ ಒಂದಕ್ಕೊಂದು ಸಿಕ್ಕಿಕೊಂಡಿರುವ, ಮೇಲಿನ ಮೂಳೆಯೊಳಗೂ ಕೆಳಗಿನ ಮೂಳೆಯೊಳಗೂ ಉದ್ದನೆಯ ಕಡ್ಡಿ ಇಳಿಯುವ ಮಾದರಿಯನ್ನು ತರಿಸಿದ್ದೆ. ಲೋಹ, ಲೋಹದ ನಡುವೆ ನುಣುಪಾದ ಗಟ್ಟಿ ಪ್ಲಾಸ್ಟಿಕ್ಕು. ಅದನ್ನು ಕೈಯಲ್ಲಿ ಹಿಡಿದಾಗಲೆಲ್ಲ, ಎಲ್ಲೋ ಕೂತು ಇದರ ಒಂದೊಂದು ತಿರುವನ್ನೂ ಯೋಚಿಸಿದವರ ಬಗ್ಗೆ ನನಗೆ ಗೌರವ ಹುಟ್ಟುತ್ತದೆ. ಅಂದು ಇನ್ನೂ ಹೆಚ್ಚಾಗಿಯೇ ಹುಟ್ಟಿತು.

ಕೀಲು ಕೂಡಿಸಿ ಮತ್ತೆ ಬಗ್ಗಿಸಿ ನೋಡಿದರೆ ಕುರ್ಚಿಯಲ್ಲಿ ಕೂರುವುದಕ್ಕೆ ಬೇಕಾದಷ್ಟು ಬಾಗುತ್ತಿರಲಿಲ್ಲ. ಲೋಹದ ಕೀಲಿನಲ್ಲಿ ದೋಷವಿರಲಿಲ್ಲ. ತೊಡೆಯ ಸ್ನಾಯು ಇಷ್ಟು ವರ್ಷದಲ್ಲಿ ಗಿಡ್ಡವಾಗಿ ಹೋಗಿತ್ತು. ಸಹಾಯಕ್ಕೆ ನಿಂತಿದ್ದ ವೈದ್ಯರು, “ಸ್ನಾಯುವಿನ ತುದಿಯನ್ನು ಕತ್ತರಿಸಿ ಉದ್ದ ಮಾಡೋಣ ಸಾರ್, ಪೂರ್ತಿ ಬಾಗುತ್ತದೆ,” ಎಂದರು. ಅದು ನಿಜ. ಆದರೆ ಹಾಗೆ ಉದ್ದ ಮಾಡಿದ ಸ್ನಾಯು ಸಡಿಲವಾಗುತ್ತದೆ. ಮೊದಲೇ ಮೀನಿನಷ್ಟು ಅಲುಗುವ ಸ್ನಾಯು. ಕೂರುವುದಕ್ಕೆ ಬರುತ್ತದೆ, ಏಳುವಾಗ ಕಾಲು ಎತ್ತಲು ಬರುವುದಿಲ್ಲ. ಬಲ ಇರಲಿ, ಬಾಗುವುದನ್ನು ಆಮೇಲೆ ದುಡಿದು ಪಡೆಯೋಣ ಎಂದು ನಿರ್ಧರಿಸಿ, ಇದ್ದಷ್ಟಕ್ಕೇ ಬಿಟ್ಟು ಹೊಲಿಗೆ ಹಾಕಿದೆ.

ಮರುದಿನ ನೋಡಿದ್ದನ್ನು ನಾನು ಮರೆಯಲಾರೆ. ಮಂಡಿಯ ಕೆಳಗೆ ದಿಂಬು ಇಟ್ಟು ಸ್ವಲ್ಪ ಬಾಗಿಸಿದ್ದೆವು. ಕಣ್ಣು ಮುಚ್ಚಿಸಿ, ಕಾಲು ಹೇಗಿದೆ ಎಂದು ಕೇಳಿದೆ. “ನೆಟ್ಟಗೈತೆ,” ಎಂದರು. ಕಣ್ಣು ಬಿಟ್ಟು ನೋಡಿದರು. ಮತ್ತೆ ತಾವೇ ಕಣ್ಣು ಮುಚ್ಚಿದರು, ಬಿಟ್ಟರು. “ನೋಡಿದ್ರೆ ಬಗ್ಗೈತೆ. ಮುಚ್ಕಂಡ್ರೆ ನೆಟ್ಟಗೈತೆ. ಯಾವುದನ್ನ ನಂಬಲಿ ಸಾರ್?” ನಾವು ಮೂಳೆ ಬಿಡಿಸಿದ್ದೆವು. ಅವರ ತಲೆಯೊಳಗಿನ ಕಾಲು ಇನ್ನೂ ಬೆಸೆದೇ ಇತ್ತು.

ಅದಕ್ಕಿಂತ ದೊಡ್ಡ ತೊಂದರೆ ಅದೇ ವಾರ ಎದುರಾಯಿತು. ಗಾಯದ ಅಂಚಿನಲ್ಲಿ ಚರ್ಮ ನೇರಳೆಯಾಗಿ, ಆಮೇಲೆ ಕಪ್ಪಾಯಿತು. ಅಲ್ಲಿ ಚರ್ಮ ಸತ್ತು ಗಾಯ ಬಾಯಿಬಿಟ್ಟರೆ ಕೆಳಗೆ ಇರುವುದು ನೇರವಾಗಿ ಲೋಹ. ನಾನು ಪಟ್ಟಿ ಬಿಚ್ಚಿ ನೋಡುತ್ತಿದ್ದಾಗ ಅವರೂ ಕತ್ತು ಎತ್ತಿ ನೋಡಿದರು. “ಬಟ್ಟೆ ಹಳೇದು ಸಾರ್. ಎಳೆದು ಹೊಲಿದ್ರೆ ಹಿಂಗೇ ಆಗದು,” ಎಂದರು. ನನ್ನನ್ನು ದೂರುವ ದನಿಯಲ್ಲಲ್ಲ, ಒಬ್ಬ ಹೊಲಿಯುವವರು ಇನ್ನೊಬ್ಬ ಹೊಲಿಯುವವನಿಗೆ ಹೇಳುವ ದನಿಯಲ್ಲಿ.

ವ್ಯಾಯಾಮ ನಿಲ್ಲಿಸಿ ಕಾಲನ್ನು ಮತ್ತೆ ನೆಟ್ಟಗೆ ಪಟ್ಟಿಯಲ್ಲಿ ಕಟ್ಟಿದೆವು. ಬೇರೆ ದಾರಿಯೇ ಇರಲಿಲ್ಲ. ಪ್ಲಾಸ್ಟಿಕ್ ಸರ್ಜನ್ ಬಂದು ನೋಡಿ ಕಾಯೋಣ ಎಂದರು. ಪ್ರತಿದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಆ ಮಂಡಿಯನ್ನು ನೋಡುತ್ತಿದ್ದೆ. ಕಪ್ಪು ಭಾಗ ಹರಡಲಿಲ್ಲ, ಒಣಗಿ ಹಕ್ಕಳೆಯಾಯಿತು. ಅದನ್ನು ಕತ್ತರಿಸಿ ತೆಗೆದು ಮತ್ತೆ ಹೊಲಿದಾಗ ಕೆಳಗೆ ಕೆಂಪಗೆ ಆರೋಗ್ಯವಾದ ಪದರ ಇತ್ತು. ಲೋಹ ಕಾಣಲಿಲ್ಲ. ಗಾಯ ಮಾಯಿತು.

ಗಾಯ ಮಾಯುವಷ್ಟರಲ್ಲಿ ಮಂಡಿ ಮಾತ್ರ ಬಿಗಿದುಕೊಂಡಿತ್ತು. ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಬಾಗಿದ್ದರಲ್ಲಿ ಅರ್ಧವೂ ಉಳಿದಿರಲಿಲ್ಲ. ನಮ್ಮ ಫಿಸಿಯೋಥೆರಪಿಸ್ಟ್ ಚಿಂತಾಮಣಿ ಕಡೆಯ ಹೆಣ್ಣುಮಗಳು, ಕೆಲಸದಲ್ಲಿ ಬಲು ಗಟ್ಟಿ. ವಾರಗಟ್ಟಲೆ ಪ್ರಯತ್ನಿಸಿದಳು. ಐಸು, ಶಾಖ, ತೂಕ, ಎಲ್ಲವೂ ಆಯಿತು. ಬೆರಳ ಅಗಲ ಮುಂದೆ ಹೋದರೆ ಮರುದಿನ ಅಷ್ಟೇ ಹಿಂದೆ ಬರುತ್ತಿತ್ತು.

ಇಂಥಲ್ಲಿ ನಾವು ಮಾಡುವ ಒಂದು ಕೆಲಸವಿದೆ. ಅರಿವಳಿಕೆ ಕೊಟ್ಟು, ರೋಗಿಗೆ ತಿಳಿಯದ ಹಾಗೆ, ಮಂಡಿಯನ್ನು ಒತ್ತಿ ಬಗ್ಗಿಸುವುದು. ಒಳಗಿನ ಅಂಟುಗಳು ಹರಿದು ಕೀಲು ಬಿಡುತ್ತದೆ. ಅದಕ್ಕೆ ದಿನ ಗೊತ್ತುಮಾಡಿದೆ. ತಮ್ಮ ಕಾರ್ಖಾನೆಗೆ ರಜೆ ಹಾಕಿ ಬಂದಿದ್ದ.

ಹಿಂದಿನ ದಿನ ಮಧ್ಯಾಹ್ನ ಫಿಸಿಯೋ ನನ್ನ ಕೊಠಡಿಗೆ ಬಂದಳು. “ಸಾರ್, ನಾಳೇದು ಮುಂದಕ್ಕೆ ಹಾಕಕ್ಕಾಗುತ್ತಾ?”

“ಯಾಕಮ್ಮ?”

“ನಾನು ಕೈ ಇಡೋಕ್ಕೆ ಮುಂಚೇನೇ ಆ ಅಕ್ಕ ಬಿಗಿಯಾಗ್ತಾರೆ. ತೊಡೆ ಕಲ್ಲಾಗುತ್ತೆ. ಬಿಗಿ ಮಾಡ್ತಾ ಇದೀನಿ ಅಂತ ಅವರಿಗೇ ಗೊತ್ತಿರಲ್ಲ.”

“ಅದಕ್ಕೇ ತಾನೇ ಅರಿವಳಿಕೆ ಕೊಟ್ಟು ಬಗ್ಗಿಸೋದು?”

“ಬಗ್ಗುತ್ತೆ ಸಾರ್. ಎಚ್ಚರ ಆದ ಮೇಲೆ ಮತ್ತೆ ಬಿಗಿಯಾದ್ರೆ? ಅವರು ಕಾಲಿನ ಬಗ್ಗೆ ಯೋಚನೆ ಮಾಡದೇ ಇರೋವಾಗ ಅದು ಅಲುಗಬೇಕು. ಆಸ್ಪತ್ರೇಲಿ ಅದು ಆಗಲ್ಲ. ನಂಗೆ ಸ್ವಲ್ಪ ಟೈಮ್ ಕೊಡಿ, ಸಾದಲಿಗೇ ಹೋಗ್ತೀನಿ.”

ವಾರ್ಡಿಗೆ ಹೋಗಿ ಮಂಡಿಯನ್ನು ಮತ್ತೆ ಕೈಯಲ್ಲಿ ಹಿಡಿದೆ. ಮಾತಾಡಿಸುತ್ತಾ, ಅವರ ಗಮನ ಬೇರೆಡೆ ಹೋದಾಗ ಮೆಲ್ಲಗೆ ಒತ್ತಿ ನೋಡಿದೆ. ಕೊನೆಯಲ್ಲಿ ಗೋಡೆಗೆ ತಾಗಿದಂತೆ ನಿಲ್ಲಲಿಲ್ಲ, ಸ್ಪ್ರಿಂಗಿನಂತೆ ಸ್ವಲ್ಪ ಬಿಟ್ಟುಕೊಟ್ಟಿತು. ಇನ್ನೊಂದು ಕಡೆ ಎಕ್ಸ್‌ರೇ. ಅಷ್ಟು ವರ್ಷ ಸರಿಯಾಗಿ ಕೆಲಸ ಮಾಡದ ಮೂಳೆ ಜೊಳ್ಳಾಗಿತ್ತು. ಒತ್ತಿ ಬಗ್ಗಿಸುವಾಗ ಅಂಟು ಹರಿಯುವ ಬದಲು ಮೂಳೆ ಮುರಿಯಬಹುದು, ನಾನು ಪಿನ್ನು ಹೊಡೆದು ಕಾಪಾಡಿದ್ದ ಆ ನಾರಿನ ಪಟ್ಟಿ ಕಿತ್ತುಹೋಗಬಹುದು. ದಿನ ಕಳೆದಷ್ಟೂ ಅಂಟು ಬಲಿಯುತ್ತದೆ ಎಂಬುದೂ ಗೊತ್ತಿತ್ತು. ಈಗ ಬಿಟ್ಟರೆ ಮುಂದೆ ಬಗ್ಗಿಸುವ ಅವಕಾಶವೇ ಇಲ್ಲದೆ ಹೋಗಬಹುದು. ಎರಡನ್ನೂ ತೂಗಿ ನೋಡಿ, ನಾಳೆಯದನ್ನು ರದ್ದು ಮಾಡಿ ಎಂದು ಥಿಯೇಟರಿಗೆ ಹೇಳಿದೆ.

ತಮ್ಮನಿಗೆ ಸಿಟ್ಟು ಬಂತು. ದನಿ ಮಾತ್ರ ಏರಿಸಲಿಲ್ಲ. “ಮೊದಲು ನೆಟ್ಟಗಾದ್ರೂ ನಿಲ್ತಿತ್ತು ಸಾರ್. ಈಗ ವಾಕರ್ ಇಲ್ಲದೆ ನಿಲ್ಲಲ್ಲ, ಮಡಚೋದೂ ಇಲ್ಲ. ನಮ್ಮಕ್ಕ ಇನ್ನು ಏನು ಮಾಡ್ಬೇಕು?”

ಈಗ ಬಲವಂತ ಮಾಡಿದರೆ ಇದ್ದದ್ದೂ ಹೋಗಬಹುದು, ಅದಕ್ಕೆ ಕಾಯುತ್ತಿದ್ದೇನೆ ಎಂದಷ್ಟೇ ಹೇಳಿದೆ. ಮಂಚದ ಮೇಲಿದ್ದ ಅಕ್ಕ, “ಬಿಡೋ. ಮನೆಗೆ ಹೋಗಣ ನಡಿ,” ಎಂದರು.

ಕೆಲವು ವಾರಗಳ ನಂತರ ಒಂದು ಭಾನುವಾರ ನಾನೂ ಸಾದಲಿಗೆ ಹೋದೆ. ಅಕ್ಕಪಕ್ಕದ ಮನೆಗಳಲ್ಲಿ ರೇಷ್ಮೆ ಹುಳುಗಳು ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಪೊರೆ ಬಿಡುವುದು, ಕಳೆದು ಸೊಪ್ಪು ಮೇಯುತ್ತಿದ್ದವು. ಬೀದಿಯಲ್ಲೆಲ್ಲ ಹಿಪ್ಪುನೇರಳೆ ಸೊಪ್ಪಿನ ವಾಸನೆ. ಅವರ ಮುಂದಿನ ಕೋಣೆಯ ಬಾಗಿಲು ತೆರೆದಿತ್ತು. ಒಳಗೆ ಮಿಷನ್ನಿನ ಸದ್ದು.

ಮೊದಲು ಅವರು ಬಲಗಾಲೊಂದರಲ್ಲೇ ಪೆಡಲು ತುಳಿಯುತ್ತಿದ್ದರು, ಎಡಗಾಲು ಮಿಷನ್ನಿನ ಪಕ್ಕ ಹೊರಗಿರುತ್ತಿತ್ತಂತೆ. ಈಗ ಎರಡೂ ಪಾದ ಪೆಡಲಿನ ಮೇಲಿದ್ದವು. ಬಲಗಾಲು ತುಳಿಯುತ್ತಿತ್ತು, ಪೆಡಲು ಏಳುತ್ತ ಇಳಿಯುತ್ತ ಎಡಗಾಲನ್ನೂ ಜೊತೆಗೆ ಒಯ್ಯುತ್ತಿತ್ತು. ಎಡಮಂಡಿ ಸ್ವಲ್ಪ ಬಾಗುತ್ತಿತ್ತು, ಸ್ವಲ್ಪ ನೇರವಾಗುತ್ತಿತ್ತು. ಮೊದಮೊದಲು ಫಿಸಿಯೋ ಮಿಷನ್ನಿನ ಬೆಲ್ಟು ಬಿಚ್ಚಿಸಿ ಬರಿಯ ಪೆಡಲು ತುಳಿಸಿದ್ದಳು. ಆಗ ಅಕ್ಕ ಕಾಲನ್ನೇ ನೋಡುತ್ತ ಕೂತು, ಮತ್ತೆ ಬಿಗಿಯಾದರು. ಬೆಲ್ಟು ಹಾಕಿಸಿ, ನಿಜವಾದ ರವಿಕೆ ಹೊಲಿಯಲು ಕೊಟ್ಟ ಮೇಲೆ ಕಣ್ಣು ಸೂಜಿಯ ಮೇಲೆ ಹೋಯಿತು, ಕಾಲು ತನ್ನಷ್ಟಕ್ಕೆ ಆಡತೊಡಗಿತು. ಕೋಣೆಯಲ್ಲಿ ಬಟ್ಟೆಯ ಚೀಲ ಹಿಡಿದು ಇಬ್ಬರು ಹೆಂಗಸರು ಕಾಯುತ್ತಿದ್ದರು.

ಒಂದು ತೋಳು ಮುಗಿದ ಕೂಡಲೇ ಫಿಸಿಯೋ ಬಗ್ಗಿ ಸ್ಟೂಲನ್ನು ಮಿಷನ್ನಿನ ಕಡೆಗೆ ಎರಡು ಬೆರಳು ಸರಿಸಿದಳು. ಸ್ಟೂಲು ಹತ್ತಿರವಾದಷ್ಟೂ ಮಂಡಿ ಹೆಚ್ಚು ಬಾಗಲೇಬೇಕು.

“ಇಂಕಾ ಕೊಂಚೆಂ ಅಕ್ಕಾ,” ಎಂದಳು ತೆಲುಗಿನಲ್ಲಿ. ಇನ್ನೂ ಸ್ವಲ್ಪ ಎಂದು.

“ನಿನ್ ಕೊಂಚೆಂ ಎಲ್ಲಿಗೆ ಮುಗೀತದಮ್ಮ?” ಎಂದು ಅವರು ದಾರ ಕಚ್ಚಿ ಇನ್ನೊಂದು ತೋಳು ಎತ್ತಿಕೊಂಡರು. ಹಣೆಯಲ್ಲಿ ಬೆವರಿತ್ತು. ನೋವಾಗುತ್ತಿತ್ತೆಂಬುದು ತುಟಿಯಲ್ಲಿ ಕಾಣುತ್ತಿತ್ತು. ಆದರೆ ತೊಡೆ ಕಲ್ಲಾಗಿರಲಿಲ್ಲ. ನಾನು ಬಾಗಿಲಲ್ಲೇ ನಿಂತು ಆ ಮಂಡಿಯನ್ನು ನೋಡಿದೆ. ಅದನ್ನು ನಾನೇ ಕೊಯ್ದು ಕೂಡಿಸಿದ್ದರೂ, ಹೀಗೆ ಅಲುಗುತ್ತಿದ್ದುದು ಮಾತ್ರ ಆ ಇಬ್ಬರ ಕೆಲಸ ಎನ್ನಿಸಿತು. ಆಸ್ಪತ್ರೆಯ ಕೆಲಸ ಮುಗಿಸಿ, ಚಿಂತಾಮಣಿಗೆ ಹೋಗುವ ಬಸ್ಸು ಬಿಟ್ಟು ಸಾದಲಿಯ ಬಸ್ಸು ಹತ್ತುತ್ತಿದ್ದ ಆ ಹುಡುಗಿಗೆ ಹೀಗೆ ಮಾಡು ಎಂದು ಯಾರೂ ಹೇಳಿರಲಿಲ್ಲ.

ಆಮೇಲಿನ ತಿಂಗಳುಗಳಲ್ಲಿ ಏರುಪೇರು ಇದ್ದೇ ಇತ್ತು. ಒಮ್ಮೆ ಮಂಡಿ ಊದಿಕೊಂಡು ಬಂದಾಗ ನನಗೆ ಸೋಂಕಿನ ಭಯವಾಯಿತು. ಸೂಜಿ ಹಾಕಿ ನೀರು ತೆಗೆದು ಪರೀಕ್ಷಿಸಿದರೆ ಹೆಚ್ಚು ದುಡಿಸಿದ್ದರ ಊತ ಅಷ್ಟೇ. ಒಂದು ದಿನ ಅಂಗಳದಲ್ಲಿ ವಾಕರ್ ಬಿಟ್ಟು ನಿಂತಾಗ ಮಂಡಿ ಇದ್ದಕ್ಕಿದ್ದಂತೆ ಬಾಗಿ ಕೆಳಗೆ ಕೂತುಬಿಟ್ಟರಂತೆ. ಪೆಟ್ಟಾಗಲಿಲ್ಲ. “ಮಡಚೋ ಕಾಲಲ್ಲಿ ನಿಲ್ಲೋದು ಹೆಂಗೆ ಅಂತ ಕಲೀಬೇಕು ಸಾರ್. ನಿಮಗೆಲ್ಲ ಸಣ್ಣೋರಿದ್ದಾಗ್ಲೇ ಬಂದ್ಬಿಟ್ಟಿರ್ತದೆ,” ಎಂದರು. ತೊಡೆಯ ಸ್ನಾಯು ತುಂಬಿಕೊಳ್ಳುತ್ತ ಬಂತು. ವಾಕರ್ ಹೋಗಿ ಕೋಲು ಬಂತು. ಶಿಡ್ಲಘಟ್ಟದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಹೋದೆ ಎಂದು ಒಮ್ಮೆ ಹೇಳಿದರು, ಹೇಳಿ ಮುಂದಿನ ಮಾತಿಗೆ ಹೋದರು.

ಎಲ್ಲವೂ ಸರಿಹೋಯಿತು ಎಂದು ಹೇಳಲಾರೆ. ನಡಿಗೆಯಲ್ಲಿ ಸ್ವಲ್ಪ ಕುಂಟು ಉಳಿದಿದೆ. ದೂರಕ್ಕೆ ಕೋಲು ಬೇಕು. ಆ ಕೀಲು ಒಂದು ದಿನ ಸವೆಯುತ್ತದೆ. ಮೈಯಲ್ಲಿ ಎಲ್ಲಿ ಸೋಂಕಾದರೂ ನನಗೆ ತಿಳಿಸಬೇಕು ಎಂದು ಹೇಳಿದ್ದೇನೆ, ಅವರು ಹಲ್ಲು ನೋವು ಬಂದರೂ ಫೋನ್ ಮಾಡುತ್ತಾರೆ.

ವರ್ಷ ತುಂಬಿದ ಮೇಲೆ ಪರೀಕ್ಷೆಗೆ ಬಂದಾಗ ಎಕ್ಸ್‌ರೇಯಲ್ಲಿ ಕಡ್ಡಿಗಳು ಗಟ್ಟಿಯಾಗಿ ಕೂತಿದ್ದವು. ಮಲಗಿಸಿ ಕಾಲು ಎತ್ತಿ ಎಂದೆ. ಎತ್ತಿದರು, ನೆಟ್ಟಗೆ, ನಡುಗದೆ. ಬಗ್ಗಿಸಿ ಎಂದೆ. ಥಿಯೇಟರಿನಲ್ಲಿ ನಾನು ಎಲ್ಲಿಗೆ ಬಿಟ್ಟಿದ್ದೆನೋ ಅದನ್ನು ದಾಟಿ ಬಾಗಿತು. ಈಗ ಹೇಗನ್ನಿಸುತ್ತದೆ ಎಂದು ಕೇಳಿದೆ.

“ಮೋಡ ಆದ್ರೆ ನೋಯ್ತದೆ ಸಾರ್,” ಎಂದರು. “ಮುಂಚೆ ಅದರ ಪಾಡಿಗೆ ಅದು ಇರ್ತಿತ್ತು. ಈಗ ನಂಜೊತೆ ಮಾತಾಡ್ತದೆ.” ದೂರಿನ ಹಾಗೆ ಕೇಳಲಿಲ್ಲ. ನಾನು ನೋವಿಗೆ ಮಾತ್ರೆ ಬರೆದುಕೊಡಲಿಲ್ಲ.

ಅವರು ಹೋದ ಮೇಲೆ ಮುಂದಿನ ರೋಗಿಯನ್ನು ಕರೆಯುವ ಮೊದಲು ತೆರೆದಿದ್ದ ಕಿಟಕಿಯ ಬಳಿ ನಿಂತೆ. ಕೆಳಗೆ ಗೇಟಿನ ಹತ್ತಿರ ತಮ್ಮ ಸ್ಕೂಟರ್ ಸ್ಟಾರ್ಟ್ ಮಾಡಿಕೊಂಡು, ಎರಡೂ ಕಾಲು ನೆಲಕ್ಕೂರಿ ಗಟ್ಟಿಯಾಗಿ ಹಿಡಿದು ನಿಂತಿದ್ದ. ಅಕ್ಕ ಸೀರೆಯ ನೆರಿಗೆ ಎತ್ತಿಕೊಂಡು ಹಿಂದಿನ ಸೀಟಿಗೆ ಓರೆಯಾಗಿ ಏರಿದರು. ಕೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡರು. ಎಡ ಪಾದ ಕೆಳಗೆ ಕಾಲಿಡುವ ಪಟ್ಟಿಯನ್ನು ಒಂದು ಸಲ ತಡಕಾಡಿ ಹುಡುಕಿಕೊಂಡಿತು. ಅದರ ಪಕ್ಕದಲ್ಲಿ ಬಲ ಪಾದ ಬಂದು ಕೂತಿತು. ಅವನು ಕನ್ನಡಿಯಲ್ಲಿ ನೋಡಿ ನಂಬದೆ, ಕತ್ತು ಪೂರ್ತಿ ತಿರುಗಿಸಿ ಅಕ್ಕನ ಕಾಲನ್ನೇ ನೋಡಿದ.

“ಕೂತ್ಕಂಡ್ಯೇನಕ್ಕ?”

ಅವರು ಅವನ ಹೆಗಲ ಮೇಲೆ ಕೈ ಇಟ್ಟರು. “ಕೂತಿದೀನಿ ಕಣೋ. ಹೋಗಣ.”